ಅಪ್‌ಡೇಟ್: ಅಲೈನರ್ ಹಾಕಿದ ಮೇಲೆ ಬಂದ ಬಿಳಿ ಕಲೆ

ಹೋದ ತಿಂಗಳು ಕೇಳಿದ್ದೆ: ಅಲೈನರ್ (ಹಲ್ಲು ನೇರ ಮಾಡೋಕೆ ಹಾಕಿಕೊಳ್ಳುವ, ಬೇಕಾದಾಗ ತೆಗೆಯಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಕವಚ) ಹಾಕಿ ಐದು ತಿಂಗಳಾಗಿದೆ, ಮುಂದಿನ ಹಲ್ಲುಗಳಲ್ಲಿ ವಸಡಿನ ಹತ್ತಿರ ಸುಣ್ಣ ಬಳಿದಂಥ ಕಲೆ ಕಾಣಿಸುತ್ತಿದೆ, ಏನು ಮಾಡಲಿ ಅಂತ. ಡಾಕ್ಟರಿಗೆ ತೋರಿಸಿ ಬಂದೆ.

ಹುಳುಕು ಇನ್ನೂ ಆಗಿಲ್ಲ, ಆದರೆ ಅದರ ಶುರುವಂತೆ. ತಪ್ಪು ನನ್ನದೇ. ದಿನಕ್ಕೆ 22 ಗಂಟೆ ಹಾಕಿರಬೇಕು ಅಂದಿದ್ದರಲ್ಲ, ಆ ಲೆಕ್ಕ ತಪ್ಪಬಾರದು ಅಂತ ಆಫೀಸಿನಲ್ಲಿ ಅಲೈನರ್ ತೆಗೆಯದೆ ಕಾಫಿ ಕುಡಿಯುತ್ತಿದ್ದೆ. ಮೂರು ಲೋಟ, ಅದೂ ಸಕ್ಕರೆ ಜಾಸ್ತಿ! ಬಾಯಿಯಲ್ಲಿ ಜೊಲ್ಲು ಓಡಾಡುತ್ತಾ ಹಲ್ಲನ್ನು ತೊಳೆಯುತ್ತದೆ, ಹುಳಿಯನ್ನೂ ತಗ್ಗಿಸುತ್ತದೆ. ಅಲೈನರ್ ಒಳಗೆ ಅದು ಸರಿಯಾಗಿ ಹೋಗುವುದಿಲ್ಲ. ಸಿಹಿ ಕಾಫಿ ಮಾತ್ರ ನುಸುಳಿ ಅಲ್ಲೇ ಕೂರುತ್ತದೆ. ಹಲ್ಲನ್ನು ಜಾಮೂನಿನ ಹಾಗೆ ಪಾಕದಲ್ಲಿ ನೆನೆಹಾಕಿದಂತೆ, ಅಲ್ವಾ?

ಡಾಕ್ಟರು ಫ್ಲೋರೈಡ್ ವಾರ್ನಿಷ್ (ಹಲ್ಲು ಗಟ್ಟಿ ಮಾಡುವ ಲೇಪ) ಹಚ್ಚಿದರು. ಈಗ ಅಲೈನರ್ ಇದ್ದಾಗ ಬರೀ ನೀರು. ಕಾಫಿ ತಿಂಡಿ-ಊಟದ ಜೊತೆಗೇ ಮುಗಿಯಬೇಕು. ಆಮೇಲೆ ಬ್ರಷ್, ಆಗದಿದ್ದರೆ ಚೆನ್ನಾಗಿ ಬಾಯಿ ಮುಕ್ಕಳಿಸಿ ಹಾಕಿಕೊಳ್ಳುತ್ತೇನೆ. ರಾತ್ರಿ ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಿ ನೊರೆ ಉಗುಳುತ್ತೇನೆ ಅಷ್ಟೇ, ನೀರು ಹಾಕಿ ಮುಕ್ಕಳಿಸುವುದಿಲ್ಲ. ಮೊದಮೊದಲು ಕಸಿವಿಸಿ, ಈಗ ಅಭ್ಯಾಸವಾಗಿದೆ.

ಅಲೈನರ್‌ಗಳನ್ನು ಬಿಸಿನೀರಲ್ಲಿ ತೊಳೆಯಿರಿ ಅಂತ ಯಾರೋ ಹೇಳಿದ್ದಿರಿ. ದಯವಿಟ್ಟು ಬೇಡ! ನನ್ನದೊಂದು ಸೊಟ್ಟಗಾಗಿ ಹಲ್ಲಿಗೆ ಕೂರಲೇ ಇಲ್ಲ. ತಣ್ಣೀರು, ಮೆತ್ತನೆ ಬ್ರಷ್ ಸಾಕು.

ಕಲೆ ಪೂರ್ತಿ ಹೋಗಿಲ್ಲ, ಆದರೆ ಹರಡಿಲ್ಲ. ಆರು ವಾರ ಬಿಟ್ಟು ಮತ್ತೆ ತೋರಿಸಬೇಕು.