ಗ್ರಾಫಿಕ್ಸ್ ಕಾರ್ಡ್ 84 ಡಿಗ್ರಿ, ಹಾಟ್‌ಸ್ಪಾಟ್ 107: ಕಾರ್ಡ್ ಹೋಯ್ತಾ?

ರೆಂಡರ್‌ರಾಯ:
ಎಲ್ಲರಿಗೂ ನಮಸ್ಕಾರ. ನನ್ನ ಡೆಸ್ಕ್‌ಟಾಪ್‌ನಲ್ಲಿರೋದು ಆರ್‌ಟಿಎಕ್ಸ್ 3070 ಗ್ರಾಫಿಕ್ಸ್ ಕಾರ್ಡ್, ಮೂರು ಫ್ಯಾನ್ ಇರೋದು. ಗೇಮ್ ಆಡೋದು ಅಪರೂಪ, ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ರೆಂಡರ್ ಹಾಕೋದೇ (ಸೀನನ್ನ ಚಿತ್ರವಾಗಿ ತಯಾರಿಸೋದು) ಹೆಚ್ಚು. ಮೊದಲೆಲ್ಲ ರಾತ್ರಿಯಿಡೀ ರೆಂಡರ್ ಹಾಕಿ ಮಲಗಿದ್ರೂ 72 ದಾಟ್ತಿರಲಿಲ್ಲ. ಈಗ ಶುರುವಾದ ಸ್ವಲ್ಪ ಹೊತ್ತಿಗೇ 84ಕ್ಕೆ ಏರಿ ಅಲ್ಲೇ ಕೂತುಬಿಡುತ್ತೆ. ಫ್ಯಾನ್ ಪೂರ್ತಿ ವೇಗದಲ್ಲಿ ಕಿರುಚುತ್ತೆ, ಕ್ಲಾಕ್ (ಚಿಪ್‌ನ ಕೆಲಸದ ವೇಗ) 1900ರಿಂದ 1500 ಮೆಗಾಹರ್ಟ್ಸ್ ಆಸುಪಾಸಿಗೆ ಬೀಳುತ್ತೆ. ಕಾರ್ಡ್‌ನ ಅಂಕಿ ತೋರಿಸೋ ಜಿಪಿಯು-ಜೆಡ್ ಸಾಫ್ಟ್‌ವೇರ್‌ನಲ್ಲಿ ಹಾಟ್‌ಸ್ಪಾಟ್ ಅಂತ ಒಂದು ಸಾಲಿದೆ, ಅದು 107 ತೋರಿಸ್ತಿದೆ. ವೇಗಕ್ಕೆ ತಡೆ ಯಾಕೆ ಅಂತ ಹೇಳೋ ‘ಪರ್ಫ್‌ಕ್ಯಾಪ್’ ಜಾಗದಲ್ಲಿ ‘ಥರ್ಮ್’, ಅಂದ್ರೆ ಬಿಸಿ, ಅಂತ ಬರ್ತಿದೆ.

ಧೂಳು ತೆಗೆದಾಯ್ತು, ಡ್ರೈವರ್ ಹೊಸದಾಗಿ ಹಾಕಿದ್ದಾಯ್ತು, ಮುಂದಕ್ಕೆ ಇನ್ನೊಂದು ಕೇಸ್ ಫ್ಯಾನ್ ಕೂಡ ಸೇರಿಸಿದೆ. ಏನೂ ಬದಲಾಗಲಿಲ್ಲ. ವಾರಂಟಿ ಮುಗಿದಿದೆ. ಕಾರ್ಡ್ ಸಾಯ್ತಾ ಇದೆಯಾ? ವಾಟರ್ ಕೂಲಿಂಗ್‌ಗೆ ಹೋಗಬೇಕಾ?

ಗಾಳಿಗುಂಟ:
ಹೊಸ ಫ್ಯಾನ್ ಯಾವ ಕಡೆ ಮುಖ ಮಾಡಿದೆ ನೋಡಿ ಮೊದಲು. ಫ್ಯಾನಿನ ಚೌಕಟ್ಟಿನ ಕಡ್ಡಿಗಳು ಕಾಣೋ ಬದಿಯಿಂದ ಗಾಳಿ ಹೊರಗೆ ಬರೋದು. ಮುಂದಿನ ಫ್ಯಾನ್ ತಿರುವುಮುರುವಾಗಿ ಕೂತಿದ್ರೆ ಕಾರ್ಡ್‌ಗೆ ಹೋಗಬೇಕಾದ ಗಾಳಿನೇ ಹೊರಗೆ ಹೋಗ್ತಿರುತ್ತೆ.

ಹಳೇಸ್ಕ್ರೂ:
84 ಅನ್ನೋ ಅಂಕಿ ಪಕ್ಕಕ್ಕಿಡಿ. 3070ಕ್ಕೆ ತಯಾರಕರೇ ಹೇಳಿರೋ ಗರಿಷ್ಠ ಮಿತಿ 93 ಡಿಗ್ರಿ. ನೀವು ನೋಡಬೇಕಾಗಿರೋದು ಎರಡು ಅಂಕಿಗಳ ನಡುವಿನ ಅಂತರ. 107ರಲ್ಲಿ 84 ಕಳೆದ್ರೆ 23. ಚೆನ್ನಾಗಿರೋ ಕಾರ್ಡ್‌ನಲ್ಲಿ ಇದು ಸಾಮಾನ್ಯವಾಗಿ 10ರಿಂದ 15ರ ಒಳಗೆ ಇರುತ್ತೆ.

ಯಾಕೆ ಹೇಳ್ತೀನಿ ಅಂದ್ರೆ, ಚಿಪ್‌ನ ಮೇಲೆ ಬೇರೆ ಬೇರೆ ಜಾಗದಲ್ಲಿ ಸೆನ್ಸರ್ ಇರ್ತವೆ, ಹಾಟ್‌ಸ್ಪಾಟ್ ಅಂದ್ರೆ ಆ ಗಳಿಗೆಯಲ್ಲಿ ಅವುಗಳಲ್ಲೇ ಹೆಚ್ಚು ಬಿಸಿ ಇರೋದು. ಗಾಳಿ ಸಾಲದಿದ್ರೆ ಎರಡೂ ಅಂಕಿ ಹೆಚ್ಚುಕಮ್ಮಿ ಒಟ್ಟಿಗೆ ಏರ್ತವೆ. ಅಂತರ ಹಿಗ್ಗಿದೆ ಅಂದ್ರೆ ಚಿಪ್‌ನ ಯಾವುದೋ ಒಂದು ಭಾಗಕ್ಕೆ ಹೀಟ್‌ಸಿಂಕ್ (ಬಿಸಿ ಹೀರೋ ಲೋಹದ ಭಾಗ) ಸರಿಯಾಗಿ ತಾಗ್ತಿಲ್ಲ ಅಂತ. ಗ್ರಾಫಿಕ್ಸ್ ಚಿಪ್‌ಗೆ ಪ್ರೊಸೆಸರ್ ಥರ ಮೇಲೆ ಲೋಹದ ಮುಚ್ಚಳ ಇರಲ್ಲ. ಬಿಸಿಯಾದಾಗ, ಆರಿದಾಗ ಚಿಪ್ ಮತ್ತು ಹೀಟ್‌ಸಿಂಕ್ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ, ಆ ಒತ್ತಡಕ್ಕೆ ನಡುವೆ ಬಿಸಿ ದಾಟಿಸೋ ಪೇಸ್ಟ್ ಮೆಲ್ಲಗೆ ಅಂಚಿಗೆ ಸರಿಯುತ್ತೆ. ದಿನಾ ರೆಂಡರ್ ಹಾಕೋರ ಕಾರ್ಡ್‌ನಲ್ಲಿ ಇದು ಮಾಮೂಲಿ.

ಖಾತ್ರಿ ಮಾಡ್ಕೊಳ್ಳೋಕೆ ಖರ್ಚಿಲ್ಲದ ಪರೀಕ್ಷೆ ಒಂದಿದೆ. ಕೇಸಿನ ಪಕ್ಕದ ಪ್ಯಾನೆಲ್ ತೆಗೆದು ಅದೇ ಸೀನನ್ನ ಕಾಲು ಗಂಟೆ ರೆಂಡರ್ ಮಾಡಿ. ಎಂಟು ಹತ್ತು ಡಿಗ್ರಿ ಇಳಿದ್ರೆ ತೊಂದರೆ ಕೇಸಿನ ಗಾಳಿಯದ್ದು, ಗಾಳಿಗುಂಟ ಹೇಳಿದ್ದು ಸರಿ. ಇಳಿಯದಿದ್ರೆ ಕಾರ್ಡ್‌ದೇ. ವಾಟರ್ ಕೂಲಿಂಗ್ ಮಾತು ಸದ್ಯಕ್ಕೆ ಬೇಡ.

ನಿಧಾನಿ:
ಕಾರ್ಡ್ ಬಿಚ್ಚೋಕೆ ಮುಂಚೆ ಅಂಡರ್‌ವೋಲ್ಟ್ ಮಾಡಿ, ಅಂದ್ರೆ ಚಿಪ್‌ಗೆ ಹೋಗೋ ವೋಲ್ಟೇಜ್ ಇಳಿಸಿ, ನೋಡಬಾರದಾ? ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಕಂಟ್ರೋಲ್ ಜೊತೆ ಎಫ್ ಒತ್ತಿದ್ರೆ ವೋಲ್ಟೇಜ್ ಗೆರೆ ತೆರೆಯುತ್ತೆ. ನಾನೂ 3070 ಇಟ್ಕೊಂಡಿದ್ದೀನಿ, 850 ಮಿಲಿವೋಲ್ಟ್‌ಗೆ 1800 ಮೆಗಾಹರ್ಟ್ಸ್ ಕಟ್ಟಿಹಾಕಿದ್ದೀನಿ. ಕಾರ್ಡ್ 220 ವ್ಯಾಟ್ ಕುಡೀತಿದ್ದದ್ದು ಈಗ 165ರ ಹತ್ತಿರ ಇದೆ, ರೆಂಡರ್ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಅಷ್ಟೆಲ್ಲ ಬೇಡ ಅಂದ್ರೆ ಪವರ್ ಲಿಮಿಟ್ ಸ್ಲೈಡರ್ 80 ಶೇಕಡಾಗೆ ಎಳೆದುಬಿಡಿ.

ಹಳೇಸ್ಕ್ರೂ:
ಅಂಡರ್‌ವೋಲ್ಟ್ ಒಳ್ಳೇದೇ, ನಾನೂ ಬೇಡ ಅನ್ನಲ್ಲ. ಆದ್ರೆ ಈ ಸ್ಥಿತೀಲಿ ಅದು ಜ್ವರಕ್ಕೆ ಮಾತ್ರೆ ನುಂಗಿದ ಹಾಗೆ. ಅಂಕಿ ಇಳಿಯುತ್ತೆ, ಪೇಸ್ಟ್ ಇಲ್ಲದ ಮೂಲೆ ಹಾಗೇ ಉಳಿಯುತ್ತೆ. ಮೊದಲು ಪೇಸ್ಟ್ ಸರಿ ಮಾಡಿ, ಆಮೇಲೆ ಅಂಡರ್‌ವೋಲ್ಟ್.

ರೆಂಡರ್‌ರಾಯ:
ಫ್ಯಾನ್ ಸರಿಯಾದ ಕಡೆಗೇ ಇದೆ. ಪ್ಯಾನೆಲ್ ತೆಗೆದು ನೋಡಿದೆ ಸರ್, 84 ಇದ್ದದ್ದು 82 ಆಯ್ತು, ಹಾಟ್‌ಸ್ಪಾಟ್ 105. ಹಾಗಾದ್ರೆ ಬಿಚ್ಚೋದೇ. ಥರ್ಮಲ್ ಪ್ಯಾಡ್ (ಮೆಮೊರಿ ಮತ್ತು ಹೀಟ್‌ಸಿಂಕ್ ನಡುವಿನ ಮೆತ್ತನೆ ತುಣುಕು) ಕೂಡ ಬದಲಿಸಬೇಕಾ? ಎಲ್ಲರೂ ದಪ್ಪ ಪ್ಯಾಡ್ ಹಾಕಿ ಅಂತಾರೆ.

ಹಳೇಸ್ಕ್ರೂ:
ದಪ್ಪ ಪ್ಯಾಡ್ ಹಾಕಬೇಡಿ! ಮೆಮೊರಿ ಮೇಲಿನ ಪ್ಯಾಡ್ ಬೇಕಿದ್ದಕ್ಕಿಂತ ಅರ್ಧ ಮಿಲಿಮೀಟರ್ ದಪ್ಪ ಆದ್ರೂ ಹೀಟ್‌ಸಿಂಕನ್ನ ಚಿಪ್‌ನಿಂದ ಎತ್ತಿ ಹಿಡಿಯುತ್ತೆ, ಹಾಟ್‌ಸ್ಪಾಟ್ ಈಗಿರೋದಕ್ಕಿಂತ ಮೇಲೆ ಹೋಗುತ್ತೆ. ಹರಿಯದಿದ್ರೆ ಹಳೇ ಪ್ಯಾಡನ್ನೇ ಅದೇ ಜಾಗದಲ್ಲಿ ಬಿಡಿ. ಹರಿದ್ರೆ, ಅಂಚಿನಲ್ಲಿ ಒತ್ತಡ ಬೀಳದೆ ಉಳಿದಿರೋ ತುಣುಕನ್ನ ವರ್ನಿಯರ್‌ನಲ್ಲಿ ಅಳೆದು ಅದೇ ದಪ್ಪದ್ದು ತನ್ನಿ.

ಬಿಚ್ಚೋ ಮುಂಚೆ ಒಂದೆರಡು ನಿಮಿಷ ರೆಂಡರ್ ಓಡಿಸಿ, ಪೇಸ್ಟ್ ಮೆತ್ತಗಾಗುತ್ತೆ. ಆಮೇಲೆ ಶಟ್‌ಡೌನ್, ವೈರ್ ಕಿತ್ತು ಪವರ್ ಬಟನ್ ಒಮ್ಮೆ ಒತ್ತಿ. ಚಿಪ್‌ನ ಹಿಂದುಗಡೆ ಸ್ಪ್ರಿಂಗ್ ಇರೋ ನಾಲ್ಕು ಸ್ಕ್ರೂ ಕಾಣ್ತವೆ, ಅವನ್ನ ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ. ಹೀಟ್‌ಸಿಂಕ್ ಬರ್ಲಿಲ್ಲ ಅಂತ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಕೈಯಲ್ಲೇ ಎಡಕ್ಕೆ ಬಲಕ್ಕೆ ತಿರುಚಿದ್ರೆ ಬಿಟ್ಟುಕೊಡುತ್ತೆ. ಬಿಟ್ಟ ಮೇಲೆ ದೂರ ಎಳೀಬೇಡಿ: ಫ್ಯಾನ್ ವೈರ್ ಇನ್ನೂ ಬೋರ್ಡಿಗೆ ಸಿಕ್ಕಿಕೊಂಡಿರುತ್ತೆ. ಆ ಕನೆಕ್ಟರ್ ಉಗುರಿನಷ್ಟೇ ಇರೋದು, ಪ್ಲಾಸ್ಟಿಕ್ ಹಿಡಿದು ಕೀಳಿ, ವೈರ್ ಹಿಡಿದಲ್ಲ.

ಹಳೇ ಪೇಸ್ಟನ್ನ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಹೊಸದು ಸ್ವಲ್ಪ ಗಟ್ಟಿ ಜಾತಿಯದ್ದೇ ಇರಲಿ, ತೆಳುವಾದದ್ದು ಬೇಗ ಅಂಚಿಗೆ ಹರಿಯುತ್ತೆ. ಚಿಪ್ ಪೂರ್ತಿ ಮುಚ್ಚೋ ಹಾಗೆ ಹರಡಿ, ಇಲ್ಲಿ ಜಿಪುಣತನ ಬೇಡ. ಪೇಸ್ಟ್ ಬದಲು ಹಾಕೋ ಪಿಟಿಎಂ 7950 ಹಾಳೆ ಸಿಕ್ಕಿದ್ರೆ ಇನ್ನೂ ಉತ್ತಮ. ಅದು ಬಿಸಿಗೆ ಮೆತ್ತಗಾಗಿ ಸಂದು ತುಂಬುತ್ತೆ, ಪೇಸ್ಟಿನಷ್ಟು ಸುಲಭವಾಗಿ ಜಾಗ ಬಿಡಲ್ಲ. ಕೂರಿಸುವಾಗಲೂ ಸ್ಕ್ರೂ ಎದುರುಬದುರು ಮೂಲೆಯಂತೆ, ಒಂದೊಂದಕ್ಕೆ ಅರ್ಧ ಸುತ್ತು.

ರೆಂಡರ್‌ರಾಯ:
ಬಿಚ್ಚಿದೆ ಸರ್. ಚಿಪ್‌ನ ನಡುವೆ ಕನ್ನಡಿ ಥರ ಹೊಳೀತಿತ್ತು, ಪೇಸ್ಟೆಲ್ಲ ಸುತ್ತ ಬೂದು ಬಣ್ಣದ ದಡ ಕಟ್ಟಿ ಕೂತಿತ್ತು. ಒಂದು ಮೂಲೆಯಲ್ಲಂತೂ ಒಣಗಿ ಪುಡಿ ಉದುರ್ತಿತ್ತು. ಪ್ಯಾಡ್ ಯಾವುದೂ ಹರಿಯಲಿಲ್ಲ, ಮುಟ್ಟಲೂ ಇಲ್ಲ. ಹಾಳೆ ಸಿಗಲಿಲ್ಲ, ಗಟ್ಟಿ ಪೇಸ್ಟನ್ನೇ ಹಾಕಿದೆ. ಈಗ ಅದೇ ಸೀನ್‌ಗೆ 69, ಹಾಟ್‌ಸ್ಪಾಟ್ 81. ಕ್ಲಾಕ್ 1900 ಬಿಟ್ಟು ಇಳೀತಿಲ್ಲ. ಫ್ಯಾನ್ 60 ಶೇಕಡಾ ಮೇಲೆ ಹೋಗಿಲ್ಲ. ಒಂದೇ ಸಂಶಯ: ರೆಂಡರ್ ಮುಗಿದ ಸ್ವಲ್ಪ ಹೊತ್ತಿಗೆ ಫ್ಯಾನ್ ಪೂರ್ತಿ ನಿಂತುಹೋಗುತ್ತೆ. ಕನೆಕ್ಟರ್ ಸರಿ ಕೂತಿಲ್ವಾ?

ನಿಧಾನಿ:
ಅದು ಸರಿಯಾಗೇ ಇದೆ. ತಾಪ ಕಡಿಮೆ ಇದ್ದಾಗ ಫ್ಯಾನ್ ನಿಲ್ಲೋ ಹಾಗೆ ಹೆಚ್ಚಿನ ಕಾರ್ಡ್‌ಗಳಲ್ಲಿ ಇಟ್ಟಿರ್ತಾರೆ. ಮೊದಲು ನಿಮ್ಮದು ಅಷ್ಟು ತಣ್ಣಗಾಗ್ತಾನೇ ಇರಲಿಲ್ಲ ಅನ್ಸುತ್ತೆ.

ಹಳೇಸ್ಕ್ರೂ:
ಅಂತರ 12. ಸಾಕು. ಈ ಎರಡು ಅಂಕಿ ಎಲ್ಲಾದ್ರೂ ಬರೆದಿಟ್ಕೊಳ್ಳಿ, ಆಗಾಗ ಅದೇ ಸೀನ್ ಓಡಿಸಿ ಹೋಲಿಸಿ ನೋಡಿ. ಅಂತರ 20ರ ಹತ್ತಿರ ಬಂದಾಗ ಮತ್ತೆ ಬಿಚ್ಚಿದ್ರಾಯ್ತು. ಈಗ ನಿಧಾನಿ ಹೇಳಿದ ಅಂಡರ್‌ವೋಲ್ಟ್ ಮಾಡಿ, ಇನ್ನೂ ಆರೇಳು ಡಿಗ್ರಿ ಇಳಿಯಬಹುದು.