"ಬೆಡಿ ಮಿಠಾಯಿ" ನಿಮ್ಮ ಕಡೆ ಉಂಟಾ?

ನಮಸ್ಕಾರ. ಒಂದು ಪದದ ವಿಷಯ ಕೇಳ್ಲಿಕ್ಕುಂಟು. ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಈ ಕಡೆ ಸುಡುಮದ್ದಿಗೆ ಬೆಡಿ ಅಂತ ಹೇಳುದು. ಕಣಿಪುರ ಗೋಪಾಲಕೃಷ್ಣ ದೇವಸ್ಥಾನದ ಜನವರಿ ಜಾತ್ರೆ ಅಂದ್ರೆ ಸುತ್ತಲಿನ ಊರಿನವರಿಗೆಲ್ಲ "ಕುಂಬಳೆ ಬೆಡಿ"ಯೇ. ಮೊನ್ನೆ ಒಂದು ಚಿಕ್ಕ ಬರಹದಲ್ಲಿ "ಬೆಡಿ ಮಿಠಾಯಿ" ಅಂತ ಬರ್ದು ಕಳಿಸಿದ್ರೆ ಬೆಂಗಳೂರಲ್ಲಿ ಪ್ರೂಫ್ ನೋಡಿದವರು ಅದನ್ನು ಸೀದಾ "ಬೀಡಿ ಮಿಠಾಯಿ" ಮಾಡಿ ಹಾಕಿಬಿಟ್ರು. ಓದಿದವ್ರೆಲ್ಲ ಅದು ಫ್ಯಾಂಟಮ್ ಸಿಗ್ರೇಟು ಅಂದ್ಕೊಂಡು, ಆ ಬಿಳಿ ಕಡ್ಡಿ, ತುದಿಗೆ ಕೆಂಪು, ತುಟಿಗಿಟ್ಟು ಹೊಗೆ ಬಿಟ್ಟ ಹಾಗೆ ಮಾಡಿದ್ದು ಅಂತ ಅವರವರ ಕಥೆ ಶುರು ಮಾಡಿದ್ರು. ಅದೂ ಚಂದವೇ, ಆದ್ರೆ ನಾನು ಹೇಳಿದ್ದು ಅದಲ್ಲ ಮಾರಾಯ್ರೆ.

ನಾನು ಹೇಳಿದ್ದು ಬಾಯಲ್ಲಿ ಹಾಕಿದ್ರೆ ಪಟಪಟ ಅಂತ ಸಿಡಿಯುವ ಮಿಠಾಯಿ, ಇಂಗ್ಲಿಷಿನಲ್ಲಿ ಪಾಪ್ ರಾಕ್ಸ್ ಅಂತ ಹೆಸರಾದ ಜಾತಿಯದ್ದು. ನಾವು ಸಣ್ಣವರಿರುವಾಗ ಅದು ಅಂಗಡಿಯಲ್ಲಿ ಸಿಗ್ತಿರ್ಲಿಲ್ಲ, ಗೆಳೆಯನ ಇಚ್ಚ (ಅಣ್ಣ) ಗಲ್ಫಿನಿಂದ ಬರುವಾಗ ಪೆಟ್ಟಿಗೆಯಲ್ಲಿ ಟ್ಯಾಂಗ್ ಡಬ್ಬಿ, ಟೈಗರ್ ಬಾಮ್, ಸೆಂಟಿನ ಬಾಟ್ಲಿಗಳ ಎಡೆಯಲ್ಲಿ ಇದರ ಪುಟ್ಟ ಪುಟ್ಟ ಪ್ಯಾಕೆಟು ತರ್ತಿದ್ದ. ಪ್ಯಾಕೆಟಿನ ಮೂಲೆ ಹರಿದು ಅಂಗೈಗೆ ಚೂರು ಹಾಕಿದ್ರೆ ಕೆಂಪು ಕಲ್ಲುಸಕ್ಕರೆ ಪುಡಿ ಮಾಡಿದ ಹಾಗೆ, ನಾಲಗೆ ಮೇಲಿಟ್ಟ ಕೂಡ್ಲೆ ಒಗ್ಗರಣೆ ಸಾಸಿವೆಯ ಹಾಗೆ ಚಟಪಟ. ತಿನ್ನುವುದಕ್ಕಿಂತ ಕೇಳುವುದೇ ದೊಡ್ಡ ಆಟ. ಒಬ್ಬ ಬಾಯಿ ಅಗಲ ಮಾಡಿ ನಿಲ್ಲುದು, ಉಳಿದವ್ರು ಅವನ ಬಾಯಿ ಹತ್ರ ಕಿವಿ ತಂದು "ಬೆಡಿ ಶುರುವಾಯ್ತಾ?" ಅಂತ ಕೇಳುದು, ಅವನಿಗೆ ನಗು ಬಂದು ಎಂಜಲೆಲ್ಲ ಕೇಳುವವನ ಕಿವಿಗೆ. ಬೆಡಿ ಮಿಠಾಯಿ ಅಂತ ಹೆಸರು ಬಿದ್ದದ್ದು ಹೀಗೆ. ಮಳೆಗಾಲದಲ್ಲಿ ಮಾತ್ರ ಉಳಿಸಿ ಇಡ್ಲಿಕ್ಕಾಗ್ತಿರ್ಲಿಲ್ಲ, ಕಂಪಾಸ್ ಬಾಕ್ಸಿನಲ್ಲಿಟ್ಟದ್ದು ತಂಪು ಎಳೆದು ಗಟ್ಟಿ ಮುದ್ದೆಯಾಗಿ ಬರೀ ಸಿಹಿ ಉಳೀತಿತ್ತು, ಬೆಡಿ ಇಲ್ಲ.

ಪ್ಲಸ್ ಟುಗೆ ಬರುವಾಗ ಇದನ್ನು ತಿಂದು ಸೋಡಾ ಕುಡಿದ್ರೆ ಹೊಟ್ಟೆ ಒಡೀತದೆ ಅಂತ ಒಂದು ಸುದ್ದಿ ಇತ್ತು, ನಾವು ಬಸ್‌ಸ್ಟ್ಯಾಂಡಿನ ಗೋಲಿಸೋಡಾದ ಜೊತೆ ತಿಂದು ನೋಡಿದೆವು, ದೊಡ್ಡ ತೇಗು ಬಂತು ಅಷ್ಟೆ. ಇದೇ ಸುದ್ದಿ 1970ರ ದಶಕದಲ್ಲೇ ಅಮೆರಿಕದಲ್ಲಿ ಹಬ್ಬಿ, ಕಂಪೆನಿಯವರು ಪೇಪರಿನಲ್ಲಿ ಜಾಹೀರಾತು ಕೊಟ್ಟು ಸಮಾಧಾನ ಹೇಳ್ಬೇಕಾಗಿ ಬಂದಿತ್ತಂತೆ. ಈ ಮಿಠಾಯಿ ಮೊದಲು ಮಾಡಿದವ ಜನರಲ್ ಫುಡ್ಸ್ ಕಂಪೆನಿಯ ವಿಲಿಯಂ ಮಿಚೆಲ್, 1956ರಲ್ಲಿ. ಮಾರ್ಕೆಟಿಗೆ ಬಂದದ್ದು 1975ರ ಹೊತ್ತಿಗೆ. ತಮಾಷೆ ಎಂತ ಅಂದ್ರೆ ಆ ಟ್ಯಾಂಗ್ ಪುಡಿಯೂ ಇದೇ ಮಿಚೆಲನದ್ದು! ಬಿಸಿ ಸಕ್ಕರೆ ಪಾಕಕ್ಕೆ ಭಾರೀ ಒತ್ತಡದಲ್ಲಿ ಕಾರ್ಬನ್ ಡೈ ಆಕ್ಸೈಡ್ ತುಂಬಿ ಹಾಗೇ ತಣಿಸುದು, ಒಳಗೆ ಸಿಕ್ಕಿಬಿದ್ದ ಗುಳ್ಳೆಗಳು ಎಂಜಲಲ್ಲಿ ಸಕ್ಕರೆ ಕರಗಿದ ಹಾಗೆ ಒಡೆದು ಹೊರಗೆ ಬರ್ತವೆ. ಹಾಗೆ ನೋಡಿದ್ರೆ ಗ್ಯಾಸ್ ಮಿಠಾಯಿ ಅಂತ ಇದಕ್ಕೇ ಹೇಳ್ಬೇಕಿತ್ತು, ಆದ್ರೆ ಮಲಯಾಳದವ್ರು ಆ ಹೆಸರನ್ನು ಪೆಪ್ಪರ್ಮಿಂಟಿಗೆ ಕೊಟ್ಟಾಗಿದೆ.

ಈಗ ಕೇಳ್ಬೇಕಾದ್ದು. ತಮಿಳು, ಮಲಯಾಳದ "ವೆಡಿ"ಯೇ ನಮ್ಮ ಬೆಡಿ ಅನ್ನುದರಲ್ಲಿ ನನಗೆ ಸಂಶಯ ಇಲ್ಲ, ವಾಳ-ಬಾಳೆ, ವಳ-ಬಳೆ ಇದ್ದ ಹಾಗೇ. ತುಳುವಿನಲ್ಲೂ ಬೆಡಿಯೇ, ಕೋವಿಗೂ ಅದೇ ಶಬ್ದ. ಆದ್ರೆ ಕನ್ನಡದಲ್ಲಿ ಇದು ಬಡಗು ದಿಕ್ಕಿಗೆ ಎಲ್ಲಿವರೆಗೆ ಹೋಗ್ತದೆ? ಕುಂದಾಪುರದವರು, ಶಿರಸಿಯವರು ಜಾತ್ರೆಯ ಸುಡುಮದ್ದಿಗೆ ಬೆಡಿ ಅಂತಾರಾ, ಗರ್ನಾಲು ಅಂತಲೇ ಹೇಳುದಾ? ಘಟ್ಟದ ಮೇಲೆ ಹಳಬರ ಬಾಯಲ್ಲಿ ಈ ಅರ್ಥದಲ್ಲಿ ಯಾರಾದ್ರೂ ಕೇಳಿದ್ದುಂಟಾ?

ಇನ್ನೊಂದು, ಈ ಮಿಠಾಯಿ ಬಾಯಲ್ಲಿ ಮಾಡುದಕ್ಕೆ ಕ್ರಿಯಾಪದ ಯಾವುದು? ಒಡೆಯುದು ಅಂದ್ರೆ ತೆಂಗಿನಕಾಯಿ ನೆನಪಾಗ್ತದೆ, ಸಿಡಿಯುದು ಅಡ್ಡಿಯಿಲ್ಲ, ಆದ್ರೆ ನಮ್ಮ ಮನೆಯಲ್ಲಿ "ಹೊಟ್ಟುದು" ಅಂತಲೇ ಹೇಳುದು, ಪಟಾಕಿಯನ್ನೂ ನಾವು ಹೊಟ್ಟಿಸುದೇ. ನನಗೆ ಇದೇ ಸರಿ ಕಾಣ್ತದೆ. ಅಚ್ಚಿಗೆ ಹೋದ್ರೆ ಇದನ್ನು ಹೊಟ್ಟೆ ಅಂತ ತಿದ್ದದೆ ಬಿಡ್ತಾರಾ ಗೊತ್ತಿಲ್ಲ. ತಾಳವಾಡಿ, ಹೊಸೂರು ಕಡೆಯ ಕನ್ನಡದವರಿದ್ರೆ ನಿಮ್ಮಲ್ಲಿ ಮಕ್ಕಳು ಇದಕ್ಕೆ ಎಂತ ಹೆಸರಿಟ್ಟಿದ್ರು ಅಂತಲೂ ಬರೀರಿ.