ಪದಚರ್ಚೆ: ರೋಮನ್ ಬೀದಿಯ ‘ಟಬರ್ನಾ’, ‘ಕಾಂಪಿಟಮ್’ – ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ರೋಮನ್ ಊರು ಪೊಂಪೇಯಿ ಬಗ್ಗೆ ಮಕ್ಕಳಿಗೆ ಒಂದು ಚಿಕ್ಕ ಪುಸ್ತಕ ಬರೆಯುತ್ತಿದ್ದೇನೆ. ಅರಮನೆ, ಯುದ್ಧ ಏನೂ ಇಲ್ಲ. ಬರೀ ಬೀದಿ. ಅಲ್ಲಿನ ಅಂಗಡಿಗಳು, ಮೂಲೆಯ ದೇವರುಗಳು, ಅಷ್ಟೇ. ಮೊದಲ ಕರಡಿನಲ್ಲಿ ‘ವಿಪಣಿ’, ‘ಚತುಷ್ಪಥ ದೇವಾಲಯ’ ಅಂತೆಲ್ಲ ಬರೆದಿದ್ದೆ. ಅಕ್ಕನ ಮಗಳು ಎರಡು ಪುಟ ಓದಿ, “ಮಾಮಾ, ಇದು ಪರೀಕ್ಷೆಗೆ ಬರುತ್ತಾ?” ಅಂದಳು. ಅಲ್ಲಿಗೆ ಆ ಕರಡಿನ ಕಥೆ ಮುಗಿಯಿತು. ಈಗ ನಿಮ್ಮ ಸಹಾಯ ಬೇಕು.

ಮೊದಲು ‘ಟಬರ್ನಾ’. ಇಂಗ್ಲಿಷಿನ ಟ್ಯಾವರ್ನ್ ಹುಟ್ಟಿದ್ದು ಇದರಿಂದಲೇ. ಆದರೆ ಲ್ಯಾಟಿನ್ನಿನಲ್ಲಿ ಅದು ಹೆಂಡದಂಗಡಿ ಮಾತ್ರ ಅಲ್ಲ. ಬೀದಿಗೆ ಪೂರ್ತಿ ತೆರೆದುಕೊಂಡ ಒಂದು ಕೋಣೆ. ಅದರಲ್ಲಿ ರೊಟ್ಟಿ ಸುಡಬಹುದು, ಬಟ್ಟೆ ಒಗೆಯಬಹುದು, ಚಪ್ಪಲಿ ಹೊಲಿಯಬಹುದು. ‘ಅಂಗಡಿ’ ಅಂದರೆ ನಮಗೆ ಮಾರುವ ಜಾಗ. ಟಬರ್ನಾ ಅಂದರೆ ಕಟ್ಟಡದ ಬಗೆ. ಅದಕ್ಕೇ ನನಗೆ ‘ಮಳಿಗೆ’ ಹೆಚ್ಚು ಹೊಂದುತ್ತದೆ ಅನ್ನಿಸಿದೆ. ‘ಮಳಿಗೆ ಬಾಡಿಗೆಗೆ ಇದೆ’ ಅನ್ನುತ್ತೇವೆ, ಒಳಗೆ ಏನು ನಡೆಯುತ್ತದೆ ಅನ್ನೋದು ಆಮೇಲಿನ ಮಾತು.

ಪೊಂಪೇಯಿಯಲ್ಲಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಅಂಥದೇ ಒಂದು ಜಾಹೀರಾತು ಸಿಕ್ಕಿತ್ತು. ಮಾಲೀಕ ನಿಜಿಡಿಯಸ್ ಮಾಯುಸ್. ಜುಲೈ 1ರಿಂದ ‘ಪರ್ಗುಲಾ ಸಮೇತ ಟಬರ್ನಾ’ಗಳು ಬಾಡಿಗೆಗೆ ಇವೆ, ಅವನ ಆಳನ್ನು ಕಾಣಿ ಅಂತ ಅದರಲ್ಲಿತ್ತು. ಪರ್ಗುಲಾ ಅಂದರೆ ಮಳಿಗೆಯೊಳಗೆ ಮೇಲೆ ಹಾಕಿದ ಮರದ ಅಟ್ಟ. ಎಷ್ಟೋ ಅಂಗಡಿಯವರು ಸಂಸಾರ ಸಮೇತ ಅಲ್ಲೇ ಮಲಗುತ್ತಿದ್ದರು. ಇದಕ್ಕೆ ‘ಅಟ್ಟ’ ಸಾಕು, ಅಲ್ವಾ? ಸಾಮಾನು ತುಂಬುವ ಜಾಗ ಅನ್ನೋ ಅರ್ಥ ಬಂದುಬಿಡುತ್ತದೇನೋ ಅಂತ ಒಂದು ಚೂರು ಅನುಮಾನ.

ಇನ್ನು ಆ ಮಳಿಗೆಯ ಬಾಗಿಲು. ಹೊಸ್ತಿಲ ಕಲ್ಲಿನ ಉದ್ದಕ್ಕೂ ಒಂದು ಸೀಳು ಕೊರೆದಿರುತ್ತದೆ. ಅದರೊಳಗೆ ಮರದ ಹಲಗೆಗಳನ್ನು ಒಂದರ ಪಕ್ಕ ಒಂದು ಸೇರಿಸಿ ಮುಚ್ಚುತ್ತಿದ್ದರು. ಒಂದು ಪಕ್ಕದಲ್ಲಿ ಮಾತ್ರ ತಿರುಗುವ ಕಿರುಬಾಗಿಲು. ಹಲಗೆ ಬೂದಿಯಲ್ಲಿ ಕೊಳೆತು ಹೋಗಿದೆ. ಅದು ಬಿಟ್ಟ ಪೊಳ್ಳಿಗೆ ಅಗೆಯುವವರು ಪ್ಲಾಸ್ಟರ್ ಸುರಿದು ಬಾಗಿಲಿನ ಅಚ್ಚನ್ನೇ ತೆಗೆದಿದ್ದಾರೆ. ಇವತ್ತೂ ಅದನ್ನು ನೋಡಬಹುದು. ನಮ್ಮೂರ ಹಳೇ ಪೇಟೆಯ ಕಿರಾಣಿ ಅಂಗಡಿಯಲ್ಲಿ ಥೇಟ್ ಇದೇ ಏರ್ಪಾಡು ಇತ್ತು. ಹಲಗೆಗಳ ಮೇಲೆ 1, 2, 3 ಅಂತ ಸೀಮೆಸುಣ್ಣದ ಗುರುತು. ನಾವು ‘ಹಲಗೆ ಬಾಗಿಲು’ ಅನ್ನುತ್ತಿದ್ದೆವು. ಆದರೆ ಆ ಹೊಸ್ತಿಲ ಸೀಳಿಗೆ ಬಡಗಿಗಳು ಒಂದು ಹೆಸರು ಇಟ್ಟಿರಲೇಬೇಕು. ಅದೇನು?

ಮುಂದಿನದು ‘ಥರ್ಮೊಪೋಲಿಯಮ್’. ಬೀದಿಬದಿಯ ಊಟ-ತಿಂಡಿಯ ಅಂಗಡಿ. ಗ್ರೀಕಿನಲ್ಲಿ ‘ಬಿಸಿಯಾದದ್ದನ್ನು ಮಾರುವ ಜಾಗ’. ಪುರಾತತ್ವದವರಿಗೆ ಈ ಪದ ಬಹಳ ಇಷ್ಟ. ರೋಮನ್ನರು ಮಾತ್ರ ಇದನ್ನು ಅಷ್ಟಾಗಿ ಬಳಸಿಲ್ಲ, ‘ಪೊಪೀನಾ’, ‘ಕೌಪೋನಾ’ ಅನ್ನುತ್ತಿದ್ದರು. 2020ರ ಡಿಸೆಂಬರಿನಲ್ಲಿ ಪೊಂಪೇಯಿಯಲ್ಲಿ ಬಾತುಕೋಳಿ, ಹುಂಜದ ಚಿತ್ರವಿರುವ ಒಂದು ಅಂಗಡಿಯನ್ನು ತೋರಿಸಿದರಲ್ಲ, ಆಗ ನಮ್ಮ ಪತ್ರಿಕೆಗಳಲ್ಲೂ ‘ಎರಡು ಸಾವಿರ ವರ್ಷದ ಫಾಸ್ಟ್‌ಫುಡ್’ ಅಂತ ಬಂತು. ನನಗೆ ಅದು ಹಿಡಿಸಲಿಲ್ಲ. ‘ಖಾನಾವಳಿ’ ಅನ್ನೋಣವೆಂದರೆ ಎಲೆ ಹಾಕಿ ಕೂರಿಸಿ ಬಡಿಸುವ ಚಿತ್ರ ಬರುತ್ತದೆ. ‘ದರ್ಶಿನಿ’ ಅಂದರೆ ಬೆಂಗಳೂರಿನವರು ನಗುತ್ತಾರೆ, ಬೇರೆಯವರಿಗೆ ತಿಳಿಯೋದೇ ಇಲ್ಲ. ಸುಮ್ನೆ ‘ತಿಂಡಿ ಅಂಗಡಿ’ ಅಂತ ಇಟ್ಟಿದ್ದೇನೆ. ಅಲ್ಲಿ ದ್ರಾಕ್ಷಿಮದ್ಯವೂ ಸಿಗುತ್ತಿತ್ತು ಅಂತ ಒಂದು ಸಾಲು ಸೇರಿಸಿದರೆ ಆಯಿತು.

ಅದರ ಕಟ್ಟೆಯೊಳಗೆ ಹೂತಿಟ್ಟ ದೊಡ್ಡ ಮಣ್ಣಿನ ಪಾತ್ರೆಗೆ ಲ್ಯಾಟಿನ್ನಿನಲ್ಲಿ ‘ಡೋಲಿಯಮ್’. ಇದಕ್ಕೆ ‘ಗುಡಾಣ’ ಎಂಬ ಚೆಂದದ ಪದ ನಮ್ಮಲ್ಲೇ ಇದೆ. ಫೋಟೊ ನೋಡಿದರೆ ಬಚ್ಚಲೊಲೆಯಲ್ಲಿ ಹೂತ ಹಂಡೆ ನೆನಪಾಗುತ್ತದೆ. ಮೋಸಹೋಗಬೇಡಿ, ಕೆಳಗೆ ಬೆಂಕಿ ಇಲ್ಲ. ಒಳಗೆ ಹೊಳಪಿನ ಲೇಪವೂ ಇಲ್ಲದ್ದರಿಂದ ತೊಳೆಯೋದು ಕಷ್ಟ. ಹಾಗಾಗಿ ಕಾಳು, ಒಣಹಣ್ಣಿನಂಥ ಒಣ ಪದಾರ್ಥವೇ ಜಾಸ್ತಿ ಇತ್ತು ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಹೊಸದಾಗಿ ಸಿಕ್ಕ ಆ ಅಂಗಡಿಯಲ್ಲಿ ಮಾತ್ರ ಬೇಯಿಸಿದ ಅಡುಗೆಯ ಗುರುತುಗಳೂ ಇದ್ದವು. ವೆಟೂಟಿಯಸ್ ಪ್ಲಾಸಿಡಸ್‌ನದು ಎನ್ನುವ ಅಂಗಡಿಯ ಒಂದು ಗುಡಾಣದಲ್ಲಿ ಸಿಕ್ಕಿದ್ದು ಕಾಳಲ್ಲ, ಸುಮಾರು 3 ಕಿಲೋ ಚಿಲ್ಲರೆ ಕಾಸು! ಆ ಗುಡಾಣವನ್ನು ‘ಗಲ್ಲಾ’ ಅನ್ನಬಹುದೇನೋ.

ಈಗ ನಿಜವಾದ ತೊಡಕು, ‘ಕಾಂಪಿಟಮ್’. ದಾರಿಗಳು ಕೂಡುವ ಜಾಗ ಅಂತ ಮೂಲ ಅರ್ಥ. ಅಲ್ಲಿ ಇರುವ ಪುಟ್ಟ ಪೂಜೆಯ ಜಾಗಕ್ಕೂ ಅದೇ ಹೆಸರು. ಕ್ರಿ.ಶ. 73ರ ಎಣಿಕೆಯಂತೆ ರೋಮ್ ನಗರದಲ್ಲಿ ಇಂಥವು 265 ಇದ್ದವು ಅಂತ ರೋಮನ್ ಲೇಖಕ ಹಿರಿಯ ಪ್ಲಿನಿ ಬರೆದಿದ್ದಾನೆ. 79ರಲ್ಲಿ ಪೊಂಪೇಯಿಯನ್ನು ಮುಚ್ಚಿದ ಜ್ವಾಲಾಮುಖಿ ವೆಸೂವಿಯಸ್ ಸಿಡಿದಾಗ ಸತ್ತವನು ಅವನೇ. ಪೊಂಪೇಯಿಯಲ್ಲಿ ಉಳಿದಿರುವವು ಬಲು ಸರಳ. ಗೋಡೆಗೆ ಒತ್ತಿಕೊಂಡ ಒಂದು ಕಲ್ಲಿನ ಪೀಠ. ಮೇಲೆ ಗೋಡೆಯಲ್ಲಿ ಚಿತ್ರ. ಕುಣಿಯುವ ಇಬ್ಬರು ಲಾರೆಸ್ (ಮನೆ, ಓಣಿ ಕಾಯುವ ದೇವರು), ಕೆಳಗೆ ಎರಡು ಹಾವು. ಎಷ್ಟೋ ಚಿತ್ರಗಳಲ್ಲಿ ಹಾವು ಪೀಠದ ಮೇಲಿನ ಮೊಟ್ಟೆಯ ಕಡೆಗೆ ಬಾಗಿರುತ್ತದೆ. ಒಂದು ಹಾವಿಗೆ ಜುಟ್ಟು, ಗಡ್ಡ ಎರಡೂ ಇರೋದುಂಟು!

ಹಾವು ಕಂಡ ಕೂಡಲೇ ‘ನಾಗರಕಟ್ಟೆ’ ಅಂತ ಕೈ ಬರೆಯುತ್ತದೆ. ಬೇಡ. ಅಲ್ಲಿನ ಹಾವು ಆ ಜಾಗದ ಕಾವಲು ಶಕ್ತಿಯ ಗುರುತು. ಅಲ್ಲಿ ನಾಗದೋಷವೂ ಇಲ್ಲ, ತನಿ ಎರೆಯುವುದೂ ಇಲ್ಲ. ‘ನಾಕುದಾರಿ ಗುಡಿ’ ಅಂದರೆ ಇನ್ನೊಂದು ಪೇಚು. ನಮ್ಮಲ್ಲಿ ನಾಕುದಾರಿ ಅಂದರೆ ದೃಷ್ಟಿ ತೆಗೆದ ನಿಂಬೆಹಣ್ಣು, ದಾಟಬೇಡ ಅನ್ನುವ ಅಮ್ಮ. ಅಲ್ಲಿನದು ಓಣಿಯವರೆಲ್ಲ ಸೇರಿ ಮಾಡುವ ಹಬ್ಬದ ಜಾಗ. ವರ್ಷದ ಕೊನೆಗೋ ಹೊಸ ವರ್ಷದ ಶುರುವಿಗೋ ಕಾಂಪಿಟಾಲಿಯಾ ಹಬ್ಬ. ಮನೆಯ ಸ್ವತಂತ್ರರ ಲೆಕ್ಕಕ್ಕೆ ಉಣ್ಣೆಯ ಬೊಂಬೆ, ಗುಲಾಮರ ಲೆಕ್ಕಕ್ಕೆ ಉಣ್ಣೆಯ ಉಂಡೆ ಕಟ್ಟುತ್ತಿದ್ದರು. ಉಂಡೆಗೆ ಮುಖವಿಲ್ಲ. ಇದನ್ನು ಮಕ್ಕಳಿಗೆ ಹೇಗೆ ಹೇಳೋದು ಅನ್ನೋದು ಬೇರೆಯೇ ಸಮಸ್ಯೆ.

ಹಾವಿಗೆ ಇನ್ನೊಂದು ಕೆಲಸವೂ ಇತ್ತು. ಪರ್ಸಿಯಸ್ ಎಂಬ ಕವಿ ಗೇಲಿ ಮಾಡುತ್ತಾನೆ: ಗೋಡೆಗೆ ಎರಡು ಹಾವು ಬರೆಸಿ, ‘ಹುಡುಗರಾ, ಇದು ಪವಿತ್ರ ಜಾಗ, ಉಚ್ಚೆ ಆಚೆ ಹೊಯ್ಯಿರಿ’ ಅನ್ನಿ ಅಂತ. ಕಾಂಪೌಂಡ್ ಗೋಡೆಗೆ ದೇವರ ಟೈಲ್ಸ್ ಅಂಟಿಸುವ ನಮಗೆ ಇದಕ್ಕೆ ಅಡಿಟಿಪ್ಪಣಿ ಬೇಕಿಲ್ಲ.

ಹುಡುಕುತ್ತಾ ಹೋದಾಗ ಒಂದು ಸಂಗತಿ ಸಿಕ್ಕಿತು. ‘ಟಬರ್ನಾ’ದ ಕಿರುರೂಪ ‘ಟಬರ್ನಾಕುಲಮ್’. ಮೊದಲು ಗುಡಾರ. ಆಮೇಲೆ ಚರ್ಚಿನಲ್ಲಿ ಪವಿತ್ರ ರೊಟ್ಟಿ ಇಡುವ ಪೆಟ್ಟಿಗೆ. ಹಾಗೆಯೇ ‘ಆಯ್ಡೆಸ್’. ಏಕವಚನದಲ್ಲಿ ದೇವಸ್ಥಾನ, ಬಹುವಚನದಲ್ಲಿ ಮನೆ. ಅದರ ಕಿರುರೂಪ ‘ಆಯ್ಡಿಕುಲಾ’, ಗೋಡೆಯಲ್ಲಿ ದೇವರನ್ನಿಡುವ ಪುಟ್ಟ ಗುಡಿ. ಅಂಗಡಿ, ಮನೆ, ದೇವರು ಎಲ್ಲ ಒಂದೇ ಸೂರಿನ ಪದಗಳು. ಕನ್ನಡದಲ್ಲಿ ಇದನ್ನೆಲ್ಲ ಹೊರುವ ಪದ ಹುಡುಕಿದರೆ ನನಗೆ ಹೊಳೆದಿದ್ದು ‘ಗೂಡು’. ಗೂಡಂಗಡಿ ಇದೆ, ದೇವರ ಗೂಡು ಇದೆ, ದೀಪದ ಗೂಡು ಇದೆ, ಹಕ್ಕಿಯದಂತೂ ಇದ್ದೇ ಇದೆ.

ಹಾಗಾಗಿ ಅಂಗಡಿಯೊಳಗಿನ ಆಯ್ಡಿಕುಲಾಕ್ಕೆ ‘ದೇವರ ಗೂಡು’, ಬೀದಿಯ ಕಾಂಪಿಟಮ್‌ಗೆ ‘ಬೀದಿಗೂಡು’ ಅಂತ ಬರೆಯಬೇಕು ಅಂದುಕೊಂಡಿದ್ದೇನೆ. ಎರಡನೆಯದು ನಾನೇ ಕಟ್ಟಿದ್ದು. ಕಾಂಪಿಟಮ್‌ನಲ್ಲಿ ಹಲವು ಸಲ ಗೂಡೇ ಇರೋದಿಲ್ಲ, ಬರೀ ಪೀಠ ಮತ್ತು ಗೋಡೆ. ಹಾಗಿದ್ದರೆ ‘ಬೀದಿಕಟ್ಟೆ’ ಸರಿಯೇ? ಆದರೆ ಕಟ್ಟೆ ಅಂದಮೇಲೆ ಜನ ಕೂತು ಹರಟೆ ಹೊಡೆಯಬೇಕು, ಇದರ ಮೇಲೆ ಕೂರುವ ಹಾಗಿಲ್ಲ. ನಿಮ್ಮ ಕಡೆ ಓಣಿಯ ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡ ಪುಟ್ಟ ದೇವರ ಜಾಗಕ್ಕೆ ಏನನ್ನುತ್ತೀರಿ? ಪುಸ್ತಕದ ಪದ ಬೇಡ, ಮನೆಯಲ್ಲಿ ಆಡುವ ಮಾತು ಬರೆಯಿರಿ. ಊರೋ ಸೀಮೆಯೋ ಜೊತೆಗೆ ಹೇಳಿದರೆ ಒಳ್ಳೆಯದು. ಹೊಸ್ತಿಲ ಸೀಳಿನ ಹೆಸರನ್ನೂ ಮರೆಯಬೇಡಿ.